ಲೇಸು

ಗಾಡಿ ಹತ್ತುವ ಮುಂಚೆ ಮಾಡಿಕೊಂಡ ಕರಾರು, ಅಮ್ಮ:
ಹೆಸರಿನ ಕೆಳಗೆ ಗೆರೆಯಿದ್ದರೆ ಎಲ್ಲ ಲೇಸು.
ಇಲ್ಲದಿದ್ದರೆ ಮಾತ್ರ ಕಾಸು ತೆತ್ತು ಬಿಡಿಸಿಕೊಳ್ಳುವುದು.
ಒಂದು ಓಲೆಯ ಬೆಲೆಗೆ ನಿನ್ನ ಮನೆಯಲ್ಲಿ ನಾಲ್ಕು ದಿನದ ರೊಟ್ಟಿ,
ಓದು ಬಾರದವಳಿಗೂ ಗೆರೆ ತಿಳಿಯುತ್ತದೆ.

ಹಾಗಾಗಿ ಎಳೆದೆ.
ಮೊದಲ ಚಳಿಗಾಲ ಮಸಿ ಕುಡಿಕೆಯಲ್ಲೇ ಹೆಪ್ಪುಗಟ್ಟಿತು,
ಕಂಕುಳಲ್ಲಿಟ್ಟು ಕರಗಿಸಿ ಎಳೆದೆ.

ಬಿಡಿಸುವವರಿಲ್ಲ ಎಂದು ಗೊತ್ತಿದ್ದದ್ದಕ್ಕೇ
ಒಳಗೆ ಬಾಯಿಗೆ ಬಂದದ್ದೆಲ್ಲ ಬರೆದೆ.
ದಿಮ್ಮಿಗಳ ಸಂದಿಗೆ ಮೆತ್ತಿದ ಮಣ್ಣು ಉದುರಿ
ಹಿಮ ಬಂದು ಹೊದಿಕೆಯ ಮೇಲೆ ಬೆಕ್ಕಿನ ಹಾಗೆ ಮಲಗುತ್ತದೆ.
ಜೇಬೆಜ್‌ಗೆ ದಿನ ಬಿಟ್ಟು ದಿನ ನಡುಕದ ಜ್ವರ;
ಬಿಟ್ಟ ದಿನ ಉಳುತ್ತಾನೆ,
ಬಂದ ದಿನ ಗೂಡಿನ ತಟ್ಟೆಗಳೂ ಅವನೊಡನೆ ನಡುಗುತ್ತವೆ.
ಅಂಗಡಿಯಲ್ಲಿ ನಾನು ಮೊಳೆ ಕೇಳಿದರೆ ನಗುತ್ತಾರೆ,
ನನ್ನ ಮಾತು ಹಾಡಿನಂತೆ ಕೇಳುತ್ತದಂತೆ.

ನೇಗಿಲಿಗೆ ಯಾರದೋ ಒಲೆಯ ಕಲ್ಲು ತಗುಲಿತು,
ಕರಿ ಹತ್ತಿದ್ದು, ಒಂದು ಪಕ್ಕ ನುಣ್ಣಗಾದದ್ದು.
ಕಿಕಾಪೂ ಜನರದು ಅಂದರು.
ಎಲ್ಲಿ ಹೋದರು ಅಂದೆ.
ಪಡುವಣಕ್ಕೆ ಗದ್ದವೆತ್ತಿ ತೋರಿಸಿ ಜೋಳದ ಬೆಲೆ ಮಾತಾಡಿದರು.
ಆ ಕಲ್ಲು ಈಗ ನನ್ನ ಒಲೆಯಲ್ಲಿದೆ. ಇದನ್ನೂ ಬರೆದೆ.

ಮಗು ಒಂಬತ್ತು ದಿನ ಇತ್ತು, ಅದನ್ನೂ.
ನಿನ್ನ ಹೆಸರೇ ಇಟ್ಟಿದ್ದೆವು.
ಮಡಿಚಿ, ಅರಗು ಹಚ್ಚಿ, ಹೊರಗೆ ಅದೇ ಹೆಸರು ಬರೆದೆ,
ಕೆಟೂರಾ,
ಕೆಳಗೆ ಗೆರೆ ಎಳೆದೆ.

ನಿನ್ನವೂ ಬಂದವು, ವರ್ಷಕ್ಕೆರಡು.
ಅಂಚೆಯ ಲೈಸಾಂಡರ್ ಪ್ರೂಯಿಟ್, ಉಪ್ಪಿನ ಪೀಪಾಯಿಗಳ ನಡುವೆ ನಿಂತು
ಮಡಿಕೆಯನ್ನು ಕೊಡುವುದಿಲ್ಲ, ತೋರಿಸುತ್ತಾನೆ.
ಚರ್ಚಿನ ಗುಮಾಸ್ತೆಯ ದುಂಡಕ್ಷರದಲ್ಲಿ ನಾನು, ಥರ್ಜಾ.
ಕೆಳಗೆ ನಿನ್ನ ಕೈಯ ಗೆರೆ.
ಬೇಡ ಅಂದೆ. ಏಳು ಸಲ ಬೇಡ ಅಂದೆ.
ಹನ್ನೆರಡು ಮೈಲಿ ನಡೆದು ಹೋಗಿ ಒಂದು ಗೆರೆ ನೋಡಿಕೊಂಡು
ಹನ್ನೆರಡು ಮೈಲಿ ಹಗುರಾಗಿ ಬಂದೆ.

ಈ ಮಾರ್ಚಿನಲ್ಲಿ ಬೆಣ್ಣೆ ಕಡೆಯುತ್ತಿದ್ದಾಗ
ಕೈ ನಿಂತಿತು:
ನನ್ನ ಗೆರೆ ಸುಳ್ಳಾದರೆ
ನಿನ್ನದು?

ಆ ಬೆಣ್ಣೆಯನ್ನೇ ಪ್ರೂಯಿಟ್‌ನ ತಕ್ಕಡಿಗೆ ಹಾಕಿ ಎಂಟನೆಯದನ್ನು ಬಿಡಿಸಿಕೊಂಡೆ.
ಒಳಗೆ ಒಂದಕ್ಷರವಿಲ್ಲ.
ಬರಿಯ ಹಾಳೆಗೆ ಇಷ್ಟು ಬೆಣ್ಣೆಯೇ ಎಂದು ಅವನು ನಕ್ಕ,
ನಾನೂ ನಕ್ಕೆ ಅಂತ ಕಾಣುತ್ತದೆ.
ಹೊರಗೆ ಬಂದು ಬಿಸಿಲಿಗೆ ಹಿಡಿದೆ.

ತೂತುಗಳು.
ಲೇಸಿನ ದಿಂಬಿನ ಮೇಲೆ ಹಾಸುವ ನಕ್ಷೆ, ಗುಂಡುಸೂಜಿಯಲ್ಲಿ ಚುಚ್ಚಿದ್ದು,
ಜೇಡನ ಮನೆ, ಅದರ ಪಕ್ಕ ಗಂಟೆಹೂವು,
ಐದು ವರ್ಷದವಳ ಬೆರಳು ಹಿಡಿದು ನೀನು ಕಲಿಸಿದ ಪಟ್ಟಿ.
ಮೊದಲ ಸಾಲು ನೂಲು ಹಿಡಿದಷ್ಟು ನೆಟ್ಟಗೆ.
ಎರಡನೆಯದರಲ್ಲಿ ಒಂದು ತೂತು ದಾರಿ ತಪ್ಪಿದೆ.
ಕೆಳಗಿಳಿದಂತೆ ಒಂದರ ಮೈಮೇಲೆ ಒಂದು, ಜೇಡಕ್ಕೆ ಕಾಲೇ ಇಲ್ಲ,
ಹೂವು ಹಾಳೆಯ ಅಂಚು ದಾಟಿ ಹೋಗಿದೆ.
ಕೊನೆಗೆ, ಬೆರಳಿಗೇ ಚುಚ್ಚಿಕೊಂಡ ಕಂದು ಕಲೆ.

ಯಾವಾಗಿನಿಂದ ಅಮ್ಮ?
ಏಳರಲ್ಲಿ ಯಾವ ಓಲೆಯಿಂದ?
ಜೇಡದ ಮೊದಲ ಕಾಲು ಯಾವುದರಲ್ಲಿ ಮುರಿದಿತ್ತು,
ಅದನ್ನು ಯಾವ ಪೀಪಾಯಿಯ ಮೇಲೆ ಬಿಟ್ಟು
ಶಿಳ್ಳೆ ಹಾಕುತ್ತ ಮನೆಗೆ ಬಂದೆ ನಾನು?

ಇದು ಹೋಗುತ್ತಿದೆ, ನೋಡು.
ನಾನೂ ಏನೂ ಬರೆದಿಲ್ಲ.
ಸೂಜಿಯಲ್ಲಿ ಒಂಬತ್ತು ತೂತು, ದಿನಕ್ಕೊಂದು,
ಉಬ್ಬು ನಿನ್ನ ಬೆರಳಿಗೆ ಸಿಗುವ ಹಾಗೆ ಹಿಂಬದಿಯಿಂದ ಚುಚ್ಚಿದ್ದೇನೆ.
ಗುಮಾಸ್ತೆಯನ್ನು ಕೇಳು, ಹೆಸರಿನ ಕೆಳಗೆ ಗೆರೆಯಿಲ್ಲ ಅನ್ನುತ್ತಾನೆ.
ಸಮುದ್ರದ ತನಕದ ಕಾಸು ಎಂದಿನಂತೆ ನಾನು ತೆತ್ತಿದ್ದೇನೆ.
ಆಚೆಯದು ನೀನು ಕೊಡು.